ಕಾಲ ಕೆಳಗಿನ ಲ್ಯಾಟಿನ್

ಮೈಸೂರಿನಿಂದ ಹೊರಟ ರೈಲು ಚೆನ್ನೈ ಸೆಂಟ್ರಲ್ ಮುಟ್ಟುವಷ್ಟರಲ್ಲಿ ನನ್ನ ವಾದ ಸಿದ್ಧವಾಗಿತ್ತು. ಮೈಲಾಪುರದ ದೊಡ್ಡಪ್ಪ ನನ್ನನ್ನು ಕರೆಸಿದ್ದೇ ವಾದಕ್ಕೆ. ಅವರ ಮಗಳು ಶುಭಕ್ಕ ಗಿಂಡಿ ಬಡಾವಣೆಯ ವಿಮಾ ಕಚೇರಿಯ ಕೆಲಸ ಬಿಟ್ಟು, ಲ್ಯಾಟಿನ್ ಓದಲು ಇಟಲಿಗೆ ಹೋಗುತ್ತೇನೆಂದು ಹಟ ಹಿಡಿದಿದ್ದಳು. ಸೋಮವಾರ ರಾಜೀನಾಮೆ ಕೊಡುವವಳು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಗೆದ್ದ ಕಪ್ಪುಗಳ ಮೇಲೆ ದೊಡ್ಡಪ್ಪನಿಗೆ ಭಾರೀ ಭರವಸೆ.

ಸೆಂಟ್ರಲ್‌ನ ಹೊರಗೆ ಆಟೋದವನು ಇನ್ನೂರೈವತ್ತು ಕೇಳಿದ. ಎದುರಿನ ನಿಲ್ದಾಣದಿಂದ ಲೋಕಲ್ ರೈಲಿಗೆ ಐದೇ ರೂಪಾಯಿ. ಮೈಲಾಪುರದಲ್ಲಿ ಇಳಿಯುವಾಗ ಅಂಗಿ ಬೆನ್ನಿಗೆ ಅಂಟಿತ್ತು.

"ಬಾ ಮಾರಾಯ್ತಿ, ಮೊದಲು ಊಟ, ಆಮೇಲೆ ಯುದ್ಧ" ಅಂದರು ದೊಡ್ಡಪ್ಪ. ರೈಲ್ವೆಯಲ್ಲಿ ಇಲ್ಲೇ ನಿವೃತ್ತರಾದರೂ ಉಡುಪಿಯ ಮಾತು ಬಿಟ್ಟಿಲ್ಲ. ಸೌತೆಕಾಯಿ ಹುಳಿ ಬಡಿಸುತ್ತ ಮಗಳಿಗೆ ಕೇಳುವಂತೆ ಹೇಳಿದರು: "ಸತ್ತ ಭಾಷೆಯಂತೆ. ಸತ್ತವರು ಪಿಂಚಣಿ ಕೊಡ್ತಾರಾ, ಕೇಳು ಅವಳ ಹತ್ರ."

"ಇಲ್ಲಿ ಬೇಡ, ಅಪ್ಪ ನಡುವೆ ಬಾಯಿ ಹಾಕ್ತಾರೆ" ಎಂದು ಶುಭಕ್ಕ ನನ್ನನ್ನು ಕಡಲ ಕಡೆಯ ಒಂದು ಹಳೆಯ ಚರ್ಚಿಗೆ ನಡೆಸಿಕೊಂಡು ಹೋದಳು. ಒಳಗೆ ತಂಪು, ಮಬ್ಬು. ನಾನು ತಡಮಾಡಲಿಲ್ಲ. ನಮ್ಮ ಶಾಸನಗಳೇ ಓದುವವರಿಲ್ಲದೆ ಹೊಲಗಳಲ್ಲಿ ಬಿದ್ದಿರುವಾಗ ರೋಮನ್ನರ ಭಾಷೆಯಿಂದ ನಮಗೇನಾಗಬೇಕು? ಈ ಊರಲ್ಲಿ ಅದು ಯಾರಿಗೆ ಬೇಕು?

"ಪೋದುಂ ಡೀ, ಸಾಕು. ಸ್ವಲ್ಪ ಆಚೆ ನಿಲ್ಲು. ಅದರ ಮೇಲೇ ನಿಂತಿದ್ದಿ."

ಕಾಲ ಕೆಳಗೆ ಸವೆದು ನುಣುಪಾದ ಚಪ್ಪಡಿ. ನನಗೆ ಏನೂ ಕಾಣಲಿಲ್ಲ. ಅವಳು ಮಂಡಿಯೂರಿ, ಫೋನಿನ ಟಾರ್ಚ್ ಹಚ್ಚಿ ನೆಲದ ಮಟ್ಟಕ್ಕೆ ಓರೆಯಾಗಿ ಹಿಡಿದಳು. ಬೆಳಕು ಅಡ್ಡಲಾಗಿ ಹರಿಯಿತು. ಬರಿಯ ಕಲ್ಲಿನಿಂದ ಲ್ಯಾಟಿನ್ ಅಕ್ಷರಗಳು ಒಂದೊಂದಾಗಿ, ತಮ್ಮ ತಮ್ಮ ನೆರಳನ್ನು ಹೊತ್ತು, ಎದ್ದು ನಿಂತವು.

ಪವಾಡವಲ್ಲ, ಓರೆ ಬೆಳಕು, ತಗ್ಗಿನಲ್ಲಿ ನೆರಳು, ಅಷ್ಟೇ. ಕಾರಣ ಗೊತ್ತಿದ್ದೂ ನಾನು ಬಗ್ಗಿ ಮತ್ತೆ ನೋಡಿದೆ.

"'ನಿಲ್ಲು, ದಾರಿಹೋಕ'" ಎಂದು ಅವಳು ಮೊದಲ ಸಾಲು ಓದಿದಳು. "ರೋಮಿನವರು ಊರ ಹೊರಗೆ, ರಸ್ತೆ ಬದಿಯಲ್ಲಿ ಹೂಳ್ತಿದ್ರು. ಹೋಗಿ ಬರುವವರನ್ನು ಕಲ್ಲೇ ಮಾತಾಡಿಸ್ತಿತ್ತು. ಆ ಪದ್ಧತಿ ಹಡಗು ಹತ್ತಿ ಇಲ್ಲಿವರೆಗೆ ಬಂದದ್ದು."

"ಯಾರ ಸಮಾಧಿ ಇದು?"

"ಹೆಸರು ಸವೆದಿದೆ. ಕೊನೆಗೆ 'ತಾಯಿ ಈ ಕಲ್ಲು ಇಡಿಸಿದಳು' ಅಂತ ಉಂಟು. ನಡುವಿನ ಎರಡು ಸಾಲು, ಅಕ್ಷರ ಕಾಣ್ತದೆ, ಓದಿ ಅರ್ಥ ಮಾಡ್ಲಿಕ್ಕೆ ನನಗೆ ಇನ್ನೂ ಬರುದಿಲ್ಲ. ಅದಕ್ಕೇ ಹೋಗ್ಬೇಕು."

ಯಾರಿಗೆ ಬೇಕು ಎಂದು ಕೇಳಿದವಳು ನಾನು. ಆ ತಾಯಿ ಊರನ್ನೆಲ್ಲ ಕರೆದಿರಲಿಲ್ಲ, ಹಾದುಹೋಗುವ ಒಬ್ಬರನ್ನು ಕರೆದಿದ್ದಳು. ನಾನು ಅವಳ ಮಾತಿನ ಮೇಲೆ ನಿಂತು ಭಾಷಣ ಮಾಡಿದ್ದೆ.

ಮನೆಗೆ ಬಂದು "ಹೋಗ್ಲಿ ಬಿಡಿ ದೊಡ್ಡಪ್ಪ" ಅಂದೆ.

"ನಿನ್ನನ್ನು ಕರೆಸಿದ್ದು ಯಾರ ಪರ ಮಾತಾಡ್ಲಿಕ್ಕೆ ಮಾರಾಯ್ತಿ?" ಎಂದು ಸಿಡುಕಿದರು. ಕಲ್ಲಿನ ಸಂಗತಿ ಪೂರ್ತಿ ಹೇಳಿದೆ. ತಾಯಿಯ ಸಾಲಿಗೆ ಬಂದಾಗ ಓದುತ್ತಿದ್ದ ಪೇಪರ್ ಮಡಿಸಿಟ್ಟರು.

ಭಾನುವಾರ ಸೆಂಟ್ರಲ್‌ವರೆಗೆ ಅವರೇ ಬಂದರು. ರೈಲು ಹೊರಡುವ ಹೊತ್ತಿಗೆ ಕಿಟಕಿಯ ಸರಳು ಹಿಡಿದು, "ಆ ನಡುವಿನ ಸಾಲಲ್ಲಿ ಎಂತ ಬರೆದಿರಬಹುದು?" ಎಂದು ಕೇಳಿದರು.

"ಶುಭಕ್ಕ ಓದ್ಕೊಂಡು ಬಂದು ಹೇಳ್ತಾಳೆ."

"ಬೇಗ ಓದಿ ಮುಗಿಸ್ಲಿ. ನನಗೆ ಪ್ರಾಯ ಆಯ್ತು."

ರೈಲು ಅಲುಗಿತು. ತಿರುಗಿ ನೋಡಿದಾಗ, ಇಕ್ಕೆಲಗಳಲ್ಲಿ ಪೆಟ್ಟಿಗೆ ಹೊತ್ತ ಜನ ಹಾಯುತ್ತಿದ್ದರೂ, ದೊಡ್ಡಪ್ಪ ಅಲ್ಲೇ ನಿಂತಿದ್ದರು.