ಹಳೆಯ ಫೋಲ್ಡರನ್ನು ಇನ್ನೂ ಯಾರು ಕೇಳುತ್ತಾರೆ

ನಾಸಿಕ್‌ನ ಅಂಬಡ್‌ನಲ್ಲಿ ವಿದ್ಯುತ್ ಉಪಕರಣ ತಯಾರಿಸುವ ಕಂಪನಿಯೊಂದರ ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಆಪರೇಟಿಂಗ್ ಸಿಸ್ಟಂ ಬದಲಿಸಿದಾಗ ಕೈಪಿಡಿಗಳಿದ್ದ ‘ಡಾಕ್’ ಫೋಲ್ಡರು ‘ಶೇರ್’ ಎಂಬ ಇನ್ನೊಂದು ಫೋಲ್ಡರಿನ ಒಳಗೆ ಹೋಯಿತು. ಹಳೆಯ ಜಾಗದಲ್ಲಿ ಒಂದು ಲಿಂಕ್ ಬಿಟ್ಟೆ. ಹಳೆಯ ವಿಳಾಸ ಹಿಡಿದು ಬರುವ ಪ್ರೋಗ್ರಾಮುಗಳನ್ನು ಅದು ಹೊಸ ಜಾಗಕ್ಕೆ ಕಳಿಸುತ್ತದೆ.

ಮುಂದಿನ ಆವೃತ್ತಿಯಲ್ಲಿ ಲಿಂಕ್ ತೆಗೆಯುವುದೆಂದು ತೀರ್ಮಾನವಾಗಿತ್ತು. ಅದಕ್ಕೆ ಮೊದಲು, ಈ ದಾರಿಯಲ್ಲಿ ಇನ್ನೂ ಯಾರು ಓಡಾಡುತ್ತಾರೆ ಎಂದು ಸರ್ವರಿನ ದಾಖಲೆಯಲ್ಲಿ ಹುಡುಕಿದೆ. ಸಂಭಾಜಿನಗರದ ಹತ್ತಿರ ಶೇಂದ್ರಾದಲ್ಲಿರುವ ನಮ್ಮ ಘಟಕದ ಒಂದೇ ಒಂದು ಕಂಪ್ಯೂಟರು ಸಿಕ್ಕಿತು. ಬೆಳಿಗ್ಗೆ ಪಾಳಿ ಶುರುವಾಗುವಾಗ ಬಂದು ಒಂದು ಪುಟ ಕೇಳುತ್ತಿತ್ತು, ಮತ್ತೆ ದಿನವಿಡೀ ಮೌನ. ದಿನಾ ಅದೇ ಪುಟ. ಅದರಲ್ಲಿ ಅಂಥದ್ದೇನಿದೆ?

ಫೋನ್ ಮಾಡಿದೆ. ಎತ್ತಿದವರು ಆ ಕಂಪ್ಯೂಟರಿಗೆ ಜೋಡಿಸಿದ ಯಂತ್ರ ನಡೆಸುವ ಹೆಂಗಸು. ನನ್ನ ಮರಾಠಿ ಕೇಳಿ, “ನೀವು ಕನ್ನಡದವರೇನ್ರಿ?” ಅಂದರು. ಅವರದು ಭಾಲ್ಕಿ ಕಡೆ, ನನ್ನದು ಕಲಬುರಗಿ. ಹಳೆಯ ಫೋಲ್ಡರಿನ ಆ ಪುಟ ದಿನಾ ಯಾಕೆ ಬೇಕೆಂದು ಕೇಳಿದೆ.

“ಫೋಲ್ಡರ್ ಗೀಲ್ಡರ್ ನನಗ ಗೊತ್ತಿಲ್ರಿ ಮೇಡಂ. ಪರದೆ ಮ್ಯಾಲ ಮದತ್ ಅಂತ, ಸಹಾಯದ್ದು, ಒಂದು ಬಟನ್ ಅದ, ಒತ್ತತೀನಿ.”

ಮರುವಾರ ಬೇರೆ ಕೆಲಸಕ್ಕೆ ಶೇಂದ್ರಾಕ್ಕೆ ಹೋದಾಗ ಅವರ ಯಂತ್ರದ ಮುಂದೆ ನಿಂತೆ. ಆ ಬಟನ್ ಮಾಡಿದವರು ಕೆಲಸ ಬಿಟ್ಟು ಹೋಗಿದ್ದರು. ಹಳೆಯ ವಿಳಾಸ ಪ್ರೋಗ್ರಾಮಿನೊಳಗೇ ಸೇರಿಹೋಗಿತ್ತು. ಆ ಹೆಂಗಸನ್ನು ಕೇಳಿಕೊಂಡು ಲಿಂಕನ್ನು ಸ್ವಲ್ಪ ಹೊತ್ತು ತೆಗೆದೆ. ಬಟನ್ ಒತ್ತಿದರು. ಪರದೆ ಬೆಳ್ಳಗೆ ನಿಂತಿತು.

“ಇವತ್ತ ಯಂತ್ರ ಚಾಲೂ ಮಾಡೂದಿಲ್ರಿ ಹಂಗಾರ,” ಅಂದರು ಅವರು, ಕೈ ಹಿಂದಕ್ಕೆ ತೆಗೆದುಕೊಂಡು.

“ಯಾಕ್ರಿ? ಪುಟ ಓದಲಿಲ್ಲ ಅಂದ್ರ ಕೆಲಸ ಮಾಡಾಕ ಬರೂದಿಲ್ಲೇನು?”

“ಯಾರು ಓದತಾರ್ರಿ ಅದನ್ನ? ಪುಟ ಬಂತಂದ್ರ ಕಂಪ್ಯೂಟರ್ ಎಚ್ಚರ ಅದ ಅಂತ ತಿಳೀತೀನಿ. ಬರಲಿಲ್ಲಂದ್ರ ಇಲೆಕ್ಟ್ರಿಷಿಯನ್‌ಗ ಕರೀತೀನಿ.”

ನಾನು ಕೈಪಿಡಿಗಳನ್ನು ಓದುವವರಿಗಾಗಿ ಕಾಪಾಡುತ್ತಿದ್ದೇನೆ ಅಂದುಕೊಂಡಿದ್ದೆ. ಇವರು ಅವುಗಳನ್ನು ಕಂಪ್ಯೂಟರಿನ ನಾಡಿ ಹಿಡಿದು ನೋಡುವುದಕ್ಕೆ ಬಳಸುತ್ತಿದ್ದರು. ನಗು ಬಂತು, ಅವರೂ ನಕ್ಕರು. ಲಿಂಕನ್ನು ಮತ್ತೆ ಹಾಕಿದೆ, ಪುಟ ಬಂತು, ಅವರು ಯಂತ್ರ ಚಾಲೂ ಮಾಡಿದರು.

ನಾಸಿಕ್‌ಗೆ ಮರಳಿ ಮೇಲಿನವರಿಗೆ ಎಲ್ಲ ಹೇಳಿದೆ. ಲಿಂಕ್ ಇರಲಿ ಎಂದು ಒಪ್ಪಿದರು. ಹೊಸ ಆವೃತ್ತಿ ಹಾಕಿದ ಮರುದಿನ ಬೆಳಿಗ್ಗೆ ಕಚೇರಿಗೆ ಬೇಗ ಬಂದು, ಚಹಾ ತಣ್ಣಗಾಗುವವರೆಗೂ ಸರ್ವರಿನ ದಾಖಲೆ ನೋಡುತ್ತ ಕೂತೆ. ಶೇಂದ್ರಾದ ಕಂಪ್ಯೂಟರು ಹಳೆಯ ದಾರಿಯಲ್ಲೇ ಬಂದು ಕೇಳಿತು, ಪುಟ ಅಲ್ಲಿಗೆ ಹೋಯಿತು.