ಪಕ್ಕದ ಸೀಟಿನ ಬ್ರೇಕು

ಡ್ರೈವಿಂಗ್ ಕಲಿಸೋ ಕಾರಲ್ಲಿ ಕಲಿಯೋರಿಗೊಂದು ಬ್ರೇಕ್ ಇರುತ್ತೆ, ಪಕ್ಕದಲ್ಲಿ ಕೂರುವ ನನಗೊಂದು. ಹಾಗಾಗಿ ಹೆದರಿದಾಗ ಯಾರು ಏನು ಮಾಡ್ತಾರೆ ಅಂತ ತುಂಬಾ ಹತ್ತಿರದಿಂದ ನೋಡಿದ್ದೀನಿ. ಕೆಲವರು ಸ್ಟೀರಿಂಗ್ ಬಿಟ್ಟು ಕಣ್ಣು ಮುಚ್ಕೊಂಡುಬಿಡ್ತಾರೆ. ಮರ್ಫಿ ಟೌನಿನ ಒಬ್ಬರು ಪ್ರತಿ ಗುಂಡಿಗೂ ನನಗೆ ಸಾರಿ ಹೇಳ್ತಿದ್ದರು. ನಾನು ಮಾತ್ರ ಏನೇ ಆದರೂ ದನಿ ಏರಿಸೋನಲ್ಲ, ಅದು ನನ್ನ ಸ್ವಭಾವ.

ಮೊನ್ನೆ ಕೆ.ಆರ್. ಪುರಂ ಮಾರ್ಕೆಟ್ ಹತ್ತಿರ ಧಾರವಾಡದ ಕಡೆಯ ಮೇಡಂ ಒಬ್ಬರು ಓಡಿಸ್ತಿದ್ದರು. ಬಸ್ಸೊಂದು ಏಕಾಏಕಿ ಅಡ್ಡ ಬಂತು. ಕಾರು ಅದರಿಂದ ಗೇಣು ದೂರದಲ್ಲಿ ನಿಂತಿತು. ಮೇಡಂ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಕಣ್ಣ ಕಾಣಂಗಿಲ್ಲೇನು ನಿನಗ?" ಅಂತ ಇಡೀ ಮಾರ್ಕೆಟ್ಟಿಗೆ ಕೇಳುವಂತೆ ಬೈದರು. ಬಸ್ಸು ಹೋಯ್ತು.

"ಟೆನ್ಷನ್ ಮಾಡ್ಕೋಬೇಡಿ ಮೇಡಂ," ಅಂದೆ ತಣ್ಣಗೆ. "ಕೂಗಾಡೋರಿಗೆ ಗಾಡಿ ಹಿಡಿತಕ್ಕೆ ಬರಲ್ಲ. ಈಗ ನಿಧಾನವಾಗಿ ಕ್ಲಚ್ ಬಿಡಿ."

ಕಾರು ಒಂದು ಸಲ ನಡುಗಿ ಆಫ್ ಆಯ್ತು. ಮತ್ತೆ ಸ್ಟಾರ್ಟ್ ಮಾಡಿದರು, ಮತ್ತೆ ಆಫ್. ಹಿಂದಿನವರೆಲ್ಲ ಹಾರ್ನ್ ಹೊಡೆಯೋಕೆ ಶುರು ಮಾಡಿದರು.

"ಭಯ ತಲೇಲಿ ಕೂತಿದ್ರೆ ಕಾಲು ಮಾತು ಕೇಳಲ್ಲ. ಉಸಿರು ಎಳ್ಕೊಳ್ಳಿ," ಅಂತ ಅದೇ ದನಿಯಲ್ಲಿ ಪಾಠ ಮುಂದುವರಿಸಿದೆ.

ಬೈದು ಹಗುರಾಗಿದ್ದ ಮೇಡಂ ನನ್ನ ಕಾಲಿನ ಕಡೆ ಬಗ್ಗಿ ನೋಡಿದರು. "ಸರ, ನನ್ನ ಅಂಜಿಕಿ ಆಗಳೇ ಹೋತು. ನೀವ ಇನ್ನೂ ಬ್ರೇಕ್ ಮ್ಯಾಲಿಂದ ಕಾಲ ತಗದಿಲ್ಲ."

ನಾನೂ ಬಗ್ಗಿ ನೋಡಿದೆ. ಒಂದಲ್ಲ, ಎರಡೂ ಕಾಲು ಇಟ್ಟು ಒತ್ತಿದ್ದೆ. ದನಿ ಮಾತ್ರ ಏರಿರಲಿಲ್ಲ.