ಸೋತವನ ಪಾತ್ರಕ್ಕೆ ವೆಂಡೆಲ್

ವ್ಯಾನ್ ನೈಸ್ ಎಂಬ ಊರಿನ ವೆಂಡೆಲ್ ಇಪ್ಪತ್ತು ವರ್ಷದಿಂದ ನಟ. ಅಂದರೆ, ಹಗಲೆಲ್ಲ ಅಂಗಡಿಯಲ್ಲಿ ಕಾರ್ಪೆಟ್ ಮಾರುತ್ತಾನೆ. ಯಾರಾದರೂ ಕೇಳಿದರೆ ನಟ ಅನ್ನುತ್ತಾನೆ, ಕೇಳದಿದ್ದರೂ ಅನ್ನುತ್ತಾನೆ. ಪರದೆಯ ಮೇಲೆ ಅವನನ್ನು ಕಾಣಬೇಕೆಂದರೆ ರೆಪ್ಪೆ ಬಡಿಯದೆ ಕೂರಬೇಕು. ಒಮ್ಮೆ ಹೆಣದ ಪಾತ್ರ ಮಾಡಿದ್ದ, ದೃಶ್ಯವನ್ನು ಕತ್ತರಿಸಿ ಕತ್ತರಿಸಿ ಕೊನೆಗೆ ಅವನ ಪಾದ ಮಾತ್ರ ಉಳಿಯಿತು. "ಪಾದದಲ್ಲೇ ಏನ್ ಭಾವ ಅಂತೀರಿ!" ಎಂದು ತಾನೇ ಹೇಳಿಕೊಂಡು ಎಲ್ಲರನ್ನೂ ನಗಿಸುತ್ತಿದ್ದ. ಬೇರೆಯವರಿಗಿಂತ ಮೊದಲು ತಾನೇ ನಕ್ಕುಬಿಟ್ಟರೆ ಅಷ್ಟಾಗಿ ನೋಯುವುದಿಲ್ಲ ಎನ್ನುವುದು ಅವನು ಕಂಡುಕೊಂಡ ಉಪಾಯ.

ಹೀಗಿರುವಾಗ ಇಂಗ್ರಿಡ್ ಎಂಬ ಹುಡುಗಿ ತನ್ನ ಕಿರುಚಿತ್ರಕ್ಕೆ ಜನ ಹುಡುಕುತ್ತಿದ್ದಳು. ಅವಕಾಶವಿಲ್ಲದೆ ಸೋತುಹೋದ ಒಬ್ಬ ನಟನ ಕಥೆ. ಬೇಕಾದವರು ಮನೆಯಲ್ಲೇ ಒಂದು ದೃಶ್ಯ ಆಡಿ, ಫೋನಿನಲ್ಲಿ ವಿಡಿಯೊ ಮಾಡಿ ಕಳಿಸಬೇಕಿತ್ತು.

"ಲೊರೆಟ್ಟಾ, ಬಾರೇ. ಈ ಪಾತ್ರಕ್ಕೆ ಇಪ್ಪತ್ತು ವರ್ಷ ತಾಲೀಮು ಮಾಡಿದೀನಿ. ಇದೂ ಸಿಗ್ಲಿಲ್ಲ ಅಂದ್ರೆ ಸೋಲೋದ್ರಲ್ಲೂ ಸೋತೆ ಅಂತ ಲೆಕ್ಕ!"

ಹೆಂಡತಿ ನಗಲೆಂದು ಹೇಳಿದ್ದು. ಆದರೆ ಇದೇ ಕೊನೆಯದು ಎಂದು ಅವನು ಮನಸ್ಸು ಗಟ್ಟಿಮಾಡಿಕೊಂಡಿದ್ದ. ಇದು ತಪ್ಪಿದರೆ ಕಾರ್ಪೆಟ್ಟೇ ಗತಿ.

ಎದುರು ಪಾತ್ರದ ಮಾತನ್ನು ಫೋನಿನ ಹಿಂದೆ ನಿಂತು ಯಾರಾದರೂ ಓದಬೇಕಲ್ಲ, ಆ ಕೆಲಸ ಯಾವತ್ತೂ ಲೊರೆಟ್ಟಾಳದು. ರಾಣಿ, ಕೊಲೆಗಾರ, ಪೊಲೀಸ್, ಎಲ್ಲರನ್ನೂ ಒಂದೇ ದನಿಯಲ್ಲಿ ಓದಿ ಮುಗಿಸಿದವಳು. ಅಂದು ಓದಬೇಕಾದ್ದು ಕಥೆಯ ನಟನ ಹೆಂಡತಿಯ ಮಾತು. "ನಿನ್ನ ಸೋಲು ನೋಡಿ ನೋಡಿ ಸಾಕಾಯ್ತು" ಎಂದು ಓದಿ, ಹಾಳೆ ಕೆಳಗಿಟ್ಟಳು.

"ಸುಳ್ಳು ಇದು. ಸೋಲು ನೋಡಿ ಸಾಕಾಗಲ್ಲ ಕಣೋ. ಪ್ರತಿ ಸಲ ನಿನ್ ಜೊತೆ ಆಸೆ ಪಡ್ತೀನಲ್ಲ, ಅದು ಸಾಕಾಗಿದೆ."

ವೆಂಡೆಲ್‌ಗೆ ಮುಂದಿನ ಮಾತು ಮರೆತೇ ಹೋಯಿತು. ನಿಜವಾಗಿಯೂ ನೊಂದ. ಆಮೇಲೆ ಆ ನಾಚಿಕೆಗೆಟ್ಟವನು ಮಾಡಿದ್ದೇನು? ವಿಡಿಯೊವನ್ನು ಮತ್ತೆ ಮತ್ತೆ ನೋಡಿ, ಮುಖ ಚೆನ್ನಾಗಿ ಬಂದಿದೆ ಎಂದುಕೊಂಡು ಅದನ್ನೇ ಕಳಿಸಿದ.

ಪಾತ್ರ ಸಿಕ್ಕಿತು!

ಚಿತ್ರೀಕರಣದ ದಿನ ಇಂಗ್ರಿಡ್, "ನಂಗೆ ವಿಡಿಯೊದಲ್ಲಿದ್ದ ಅದೇ ಮುಖ ಬೇಕು" ಎಂದಳು. ವೆಂಡೆಲ್ ಹುಬ್ಬು ಗಂಟಿಕ್ಕಿದ, ತುಟಿ ನಡುಗಿಸಿದ. ಹಲ್ಲುನೋವು ಬಂದವನ ಹಾಗೆ ಕಂಡ. ಮಧ್ಯಾಹ್ನವಾದರೂ ಆ ಮುಖ ಬರಲಿಲ್ಲ. ಬೇರೆ ನಟನನ್ನು ಕರೆಸೋಣವೇ ಎಂದು ಇಂಗ್ರಿಡ್ ಪಿಸುಗುಟ್ಟಿದ್ದು ಅವನ ಕಿವಿಗೂ ಬಿತ್ತು. ಕೊನೆಯ ಪ್ರಯತ್ನವೆಂದು, ನೋಡಲು ಬಂದಿದ್ದ ಲೊರೆಟ್ಟಾಳನ್ನೇ ಕ್ಯಾಮೆರಾದ ಹಿಂದೆ ನಿಲ್ಲಿಸಿದಳು.

"ಅವತ್ತು ಅಂದಿದ್ದನ್ನೇ ಅನ್ನಿ."

ಹೊಸ ಬಟ್ಟೆ ತೊಟ್ಟು, ತುಟಿಗೆ ಬಣ್ಣ ಹಚ್ಚಿಕೊಂಡು ಬಂದಿದ್ದ ಲೊರೆಟ್ಟಾ ಗಂಡನ ಕಡೆ ತಿರುಗಿದಳು.

"ಬರ್ತಿಲ್ಲ ಕಣೋ," ಎಂದಳು ನಾಚಿಕೊಂಡು. "ನಮ್ಮಕ್ಕಂಗೆಲ್ಲ ಫೋನ್ ಮಾಡಿ ಹೇಳ್ಬಿಟ್ಟಿದೀನಿ. ಮತ್ತೆ ಆಸೆ ಹುಟ್ಬಿಟ್ಟಿದೆ."

ವೆಂಡೆಲ್ ಅವಳನ್ನೇ ನೋಡಿದ. ಏನಾದರೂ ತಮಾಷೆ ಮಾಡಲು ಹುಡುಕಿದ, ಒಂದೂ ಸಿಗಲಿಲ್ಲ.

"ಸಿಕ್ತು!" ಇಂಗ್ರಿಡ್ ಕೂಗಿದಳು. "ಬಂದು ನೋಡಿ ವೆಂಡೆಲ್, ಎಂಥಾ ಮುಖ!"

ಅವನು ನೋಡಲು ಹೋಗಲಿಲ್ಲ. ಲೊರೆಟ್ಟಾಳ ಕೈ ಹಿಡಿದುಕೊಂಡು, ಎಲ್ಲರ ಎದುರು, ಅಳುತ್ತಾ ನಿಂತಿದ್ದ.